ಮೊದಲು ಮನೆ, ಆಮೇಲೆ ಮನುಷ್ಯ: ಸಿಮ್ಯುಲೇಶನ್‌ಗೆ ನಂಬುವಂಥ ಜನರನ್ನು ತಯಾರಿಸುವುದು ಹೇಗೆ?

ನಾನು ಕಂಪ್ಯೂಟರಿನೊಳಗೆ ಕಟ್ಟಿದ ಮೊದಲ ಊರಿನಲ್ಲಿ 5 ವರ್ಷದ ವಿಧವೆಯರಿದ್ದರು. 9 ವರ್ಷದ ಬಸ್ ಡ್ರೈವರ್ ಇದ್ದ. ದೊಡ್ಡವರು ಒಬ್ಬರೂ ಇಲ್ಲದೆ ಬರೀ ಮಕ್ಕಳೇ ಸಂಸಾರ ನಡೆಸುತ್ತಿದ್ದ ಮನೆಗಳೂ ಸಾಕಷ್ಟಿದ್ದವು. ತಮಾಷೆ ಅಂದರೆ, ಗ್ರಾಫ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ವಯಸ್ಸಿನ ಹಂಚಿಕೆ ಜನಗಣತಿಗೆ ಸರಿಯಾಗಿ ಹೊಂದುತ್ತಿತ್ತು. ಕೆಲಸದ ಹಂಚಿಕೆಯೂ ಹೊಂದುತ್ತಿತ್ತು, ಮನೆಯ ಗಾತ್ರವೂ ಹೊಂದುತ್ತಿತ್ತು. ನಾನು ಮಾಡಿದ್ದು ಇಷ್ಟೇ: ಒಂದು ಲಕ್ಷ ಜನರಿಗೆ ಒಂದೊಂದು ಗುಣವನ್ನೂ ಬೇರೆಬೇರೆಯಾಗಿ ಚೀಟಿ ಎತ್ತಿ ಹಂಚಿದ್ದೆ.

ಸೋಂಕು ಹರಡುವುದನ್ನು ನೋಡಲು ಕಟ್ಟಿದ ಊರು ಅದು. ಶಾಲೆ ಮುಚ್ಚಿದರೆ ಏನಾಗುತ್ತದೆ ಎಂದು ಓಡಿಸಿ ನೋಡಿದೆ. 70 ದಾಟಿದವರಲ್ಲಿ ಸೋಂಕು ಭರ್ಜರಿಯಾಗಿ ಇಳಿಯಿತು. ಖುಷಿಪಟ್ಟೆ. ಆಮೇಲೆ ಯಾಕೋ ಅನುಮಾನ ಬಂದು ಮನೆಗಳನ್ನು ತೆರೆದು ನೋಡಿದೆ. ನಾನು ಬಳಸಿದ್ದ ಜನಗಣತಿಯ ಪ್ರಕಾರ ಆ ವಯಸ್ಸಿನ ಹೆಚ್ಚಿನವರ ಮನೆಯಲ್ಲಿ ಶಾಲೆಗೆ ಹೋಗುವ ಮಗುವೇ ಇರಲಿಲ್ಲ. ನನ್ನ ಊರಿನಲ್ಲೋ, ಮಕ್ಕಳು ಎಲ್ಲ ಮನೆಗಳಲ್ಲೂ ಉಪ್ಪು ಎರಚಿದ ಹಾಗೆ ಸಮನಾಗಿ ಹರಡಿದ್ದರು. ಶಾಲೆ ಮುಚ್ಚಿದಾಗ ನಾನು ಕಾಪಾಡಿದ ಅಜ್ಜ ಅಜ್ಜಿಯರು ಎಲ್ಲೂ ಇರಲೇ ಇಲ್ಲ.

ಆವತ್ತಿನಿಂದ ನಾನು ಒಂದೊಂದೇ ಕಾಲಂ ನೋಡಿ ನಂಬುವುದನ್ನು ಬಿಟ್ಟೆ. ಈ ಕೆಲಸದಲ್ಲಿ ತಪ್ಪು ಅಡಗುವುದು ಕಾಲಂಗಳ ಒಳಗಲ್ಲ, ಅವುಗಳ ನಡುವೆ: ವಯಸ್ಸಿಗೂ ಕೆಲಸಕ್ಕೂ, ಗಂಡನಿಗೂ ಹೆಂಡತಿಗೂ, ಮನೆಗೂ ಶಾಲೆಗೂ ನಡುವೆ. ಕೆಳಗಿನ ಹಂತಗಳೆಲ್ಲ ಆ ನಂಟುಗಳನ್ನು ಹಿಡಿದಿಡುವ ದಾರಿಗಳು. ಟ್ರಾಫಿಕ್, ಸೋಂಕು, ಪ್ರವಾಹದಲ್ಲಿ ಜನರನ್ನು ತೆರವು ಮಾಡುವುದು, ಮನೆ ಬಾಡಿಗೆಯ ಮಾರುಕಟ್ಟೆ, ನಿಮ್ಮ ಸಿಮ್ಯುಲೇಶನ್ ಯಾವುದೇ ಇರಲಿ, ಅಡಿಪಾಯ ಹೆಚ್ಚುಕಡಿಮೆ ಒಂದೇ.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಡೇಟಾ ಹುಡುಕುವ ಮೊದಲು ಇದನ್ನು ಮಾಡಿ. ಯಾಕೆಂದರೆ ಎಲ್ಲ ಸಿಮ್ಯುಲೇಶನ್‌ಗೂ ನಿಜದಂಥ ಜನ ಬೇಕಾಗಿಲ್ಲ. ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಲ್ಲಿ ತೋರಿಸಿದ ವಸತಿ ವಿಂಗಡಣೆಯ ಮಾದರಿಯನ್ನೇ ನೋಡಿ. ಅಲ್ಲಿ ಏಜೆಂಟ್‌ಗೆ, ಅಂದರೆ ಸಿಮ್ಯುಲೇಶನ್ ಒಳಗಿನ ಒಬ್ಬೊಬ್ಬ ಮನುಷ್ಯನಿಗೆ, ಇದ್ದದ್ದು ತನ್ನ ಗುಂಪು, ತಾನು ಕೂತ ಜಾಗ, ಅಕ್ಕಪಕ್ಕ ತನ್ನವರು ಒಂದಿಷ್ಟು ಇರಲಿ ಎಂಬ ಸಣ್ಣ ಆಸೆ, ಅಷ್ಟೇ. ಅಷ್ಟರಿಂದಲೇ ಇಡೀ ಊರು ಎರಡು ಹೋಳಾಗುತ್ತದೆ. ಶೆಲ್ಲಿಂಗ್‌ಗೆ ಜನಗಣತಿ ಬೇಕಿರಲಿಲ್ಲ.

ನಿಮಗೆ ಬೇಕು ಎಂದಾದರೆ, ಏಜೆಂಟ್ ತೆಗೆದುಕೊಳ್ಳುವ ಪ್ರತಿ ನಿರ್ಧಾರವನ್ನೂ ಪಟ್ಟಿ ಮಾಡಿ. ಪ್ರತಿ ನಿರ್ಧಾರದ ಮುಂದೆ ಅದು ಓದುವ ಗುಣಗಳನ್ನು ಬರೆಯಿರಿ. ಯಾವ ನಿರ್ಧಾರವೂ ಓದದ ಗುಣವನ್ನು ಹೊಡೆದುಹಾಕಿ. "ಇರಲಿ ಬಿಡಿ, ಮುಂದೆ ಉಪಯೋಗಕ್ಕೆ ಬರಬಹುದು" ಅನ್ನಿಸುತ್ತದೆ. ಇಟ್ಟುಕೊಳ್ಳಬೇಡಿ, ಅದಕ್ಕೆ ಬೆಲೆ ತೆರಬೇಕಾಗುತ್ತದೆ. ವಯಸ್ಸಿಗೆ 18 ಗುಂಪು, ಲಿಂಗಕ್ಕೆ 2, ಓದಿಗೆ 6, ಕೆಲಸಕ್ಕೆ 8, ಮನೆಯ ಗಾತ್ರಕ್ಕೆ 5 ಎಂದು ಇಟ್ಟುಕೊಳ್ಳಿ. ಗುಣಿಸಿದರೆ 8,640 ಕೋಣೆಗಳ ಕೋಷ್ಟಕ, ಗುಣಗಳ ಒಂದೊಂದು ಜೋಡಣೆಗೆ ಒಂದೊಂದು ಕೋಣೆ. ನಿಮ್ಮ ಸಮೀಕ್ಷೆಯಲ್ಲಿ ಇರುವುದೇ 5,000 ಜನ ಎಂದಾದರೆ, ಒಬ್ಬೊಬ್ಬರನ್ನು ಒಂದೊಂದು ಕೋಣೆಗೆ ಕೂರಿಸಿದರೂ ಮೂರು ಸಾವಿರಕ್ಕಿಂತ ಜಾಸ್ತಿ ಕೋಣೆ ಖಾಲಿ ಉಳಿಯುತ್ತವೆ. ನಿಜದಲ್ಲಿ ಖಾಲಿ ಇನ್ನೂ ಹೆಚ್ಚು, ಯಾಕೆಂದರೆ ಜನ ಕೆಲವೇ ಕೋಣೆಗಳಲ್ಲಿ ಗುಂಪುಗೂಡುತ್ತಾರೆ.

ಯಾವ ಪ್ರದೇಶ, ಯಾವ ವರ್ಷ ಎಂಬುದನ್ನೂ ಈಗಲೇ ಗಟ್ಟಿ ಮಾಡಿಕೊಳ್ಳಿ.

ಹಂತ 2: ಎರಡು ಬಗೆಯ ಡೇಟಾ ಕೂಡಿಹಾಕಿ

ಮೊದಲನೆಯದು ಮೊತ್ತದ ಕೋಷ್ಟಕಗಳು. ಒಂದೊಂದು ಸಣ್ಣ ಪ್ರದೇಶದಲ್ಲಿ ಯಾವ ವಯಸ್ಸಿನವರು ಎಷ್ಟು, ಯಾವ ಗಾತ್ರದ ಮನೆಗಳು ಎಷ್ಟು, ಕೆಲಸದಲ್ಲಿರುವವರು ಎಷ್ಟು ಎಂದು ಜನಗಣತಿ ಹೇಳುತ್ತದೆ. ಇದರಲ್ಲಿ ಜಾಗದ ವಿವರ ಚೆನ್ನಾಗಿದೆ, ಆದರೆ ಒಬ್ಬ ಮನುಷ್ಯನ ಪೂರ್ತಿ ಚಿತ್ರ ಇಲ್ಲ.

ಎರಡನೆಯದು ಬಿಡಿ ದಾಖಲೆಗಳು. ಹೆಸರು, ವಿಳಾಸ ತೆಗೆದ ಸ್ಯಾಂಪಲ್. ಇಲ್ಲಿ ಒಂದು ಮನೆ, ಅದರೊಳಗಿನ ಪ್ರತಿಯೊಬ್ಬರು, ಅವರ ಎಲ್ಲ ಗುಣಗಳು ಒಟ್ಟಿಗೆ ಸಿಗುತ್ತವೆ. ಆದರೆ ಆ ಮನೆ ಯಾವ ಬೀದಿಯದು ಎಂದು ಗೊತ್ತಾಗುವುದಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡನ್ನೂ ಬೆಸೆಯುವುದೇ ನಮ್ಮ ಕೆಲಸ.

ಬೆಸೆಯುವ ಮೊದಲು ಒಂದಿಷ್ಟು ಬೇಸರದ ಕೆಲಸ ಇದೆ. ಬಿಟ್ಟರೆ ಆಮೇಲೆ ಅಳಬೇಕಾಗುತ್ತದೆ. ವಯಸ್ಸಿನ ಕೋಷ್ಟಕದ ಒಟ್ಟು ಮೊತ್ತಕ್ಕೂ ಕೆಲಸದ ಕೋಷ್ಟಕದ ಒಟ್ಟು ಮೊತ್ತಕ್ಕೂ ತಾಳೆಯಾಗದಿರುವುದು ಮಾಮೂಲು. ಒಂದರಲ್ಲಿ ಎಲ್ಲರೂ ಇರುತ್ತಾರೆ, ಇನ್ನೊಂದರಲ್ಲಿ 15 ದಾಟಿದವರು ಮಾತ್ರ. ಒಂದರಲ್ಲಿ ಹಾಸ್ಟೆಲ್, ಜೈಲು, ವೃದ್ಧಾಶ್ರಮದವರು ಸೇರಿರುತ್ತಾರೆ, ಇನ್ನೊಂದರಲ್ಲಿ ಮನೆಗಳಲ್ಲಿ ಇರುವವರು ಮಾತ್ರ. ನೀವು ಜಾಸ್ತಿ ನಂಬುವ ಕೋಷ್ಟಕ ಒಂದನ್ನು ಆರಿಸಿ, ಉಳಿದವನ್ನು ಅದರ ಮೊತ್ತಕ್ಕೆ ತಕ್ಕಂತೆ ಹಿಗ್ಗಿಸಿ ಅಥವಾ ಕುಗ್ಗಿಸಿ. ಹಾಸ್ಟೆಲ್ ಮತ್ತು ಆಶ್ರಮದವರನ್ನು ಬೇರೆ ಬುಟ್ಟಿಯಲ್ಲಿಡಿ. ಸೋಂಕಿನ ಸಿಮ್ಯುಲೇಶನ್‌ನಲ್ಲಿ ಅವರೇ ಮುಖ್ಯ ಪಾತ್ರ ಆಗುವುದುಂಟು.

ವಯಸ್ಸಿನ ಕಾಲಂ ಅನ್ನು ಕಣ್ಣುಮುಚ್ಚಿ ನಂಬಬೇಡಿ. ಎಷ್ಟೋ ಕಡೆ ಜನ ತಮ್ಮ ವಯಸ್ಸನ್ನು 30, 35, 40 ಎಂದು ದುಂಡಾಗಿ ಹೇಳಿಬಿಡುತ್ತಾರೆ. ಇದನ್ನು ಅಳೆಯಲು ವಿಪ್ಪಲ್ ಸೂಚ್ಯಂಕ ಇದೆ. 23ರಿಂದ 62ರವರೆಗಿನ ವಯಸ್ಸಿನಲ್ಲಿ 0 ಅಥವಾ 5ರಲ್ಲಿ ಮುಗಿಯುವ ವಯಸ್ಸಿನವರನ್ನು ಎಣಿಸಿ, ಐದರಿಂದ ಗುಣಿಸಿ, ಆ ಗುಂಪಿನ ಒಟ್ಟು ಜನರಿಂದ ಭಾಗಿಸಿ, ನೂರರಿಂದ ಗುಣಿಸಿ. 100 ಬಂದರೆ ಅಂಥ ಒಲವು ಇಲ್ಲ. 500 ಬಂದರೆ ಎಲ್ಲರೂ ದುಂಡು ಸಂಖ್ಯೆಯನ್ನೇ ಹೇಳಿದ್ದಾರೆ ಎಂದರ್ಥ. 100ಕ್ಕಿಂತ ತುಂಬಾ ಮೇಲಿದ್ದರೆ ಒಂದೊಂದು ವರ್ಷದ ಲೆಕ್ಕ ಬಿಟ್ಟು ಐದೈದು ವರ್ಷದ ಗುಂಪು ಬಳಸಿ.

ಹಂತ 3: ಸ್ಯಾಂಪಲ್ ಅನ್ನು ಮೊತ್ತಕ್ಕೆ ಹೊಂದಿಸಿ

ಇಲ್ಲಿ ಬಳಸುವ ಉಪಾಯ ಹಳೆಯದು. ಎಡ್ವರ್ಡ್ಸ್ ಡೆಮಿಂಗ್ ಮತ್ತು ಫ್ರೆಡರಿಕ್ ಸ್ಟೀಫನ್ 1940ರಲ್ಲಿ ಅಮೆರಿಕದ ಜನಗಣತಿಯ ಸ್ಯಾಂಪಲ್‌ಗಾಗಿ ಬರೆದದ್ದು. ಹೆಸರು ಇಟರೇಟಿವ್ ಪ್ರೊಪೋರ್ಷನಲ್ ಫಿಟ್ಟಿಂಗ್, ಎಲ್ಲರೂ ಐಪಿಎಫ್ ಅನ್ನುತ್ತಾರೆ. ಲಾಸ್ ಅಲಾಮೋಸ್ ಪ್ರಯೋಗಾಲಯದ ಟ್ರಾನ್‌ಸಿಮ್ಸ್ ಎಂಬ ಸಂಚಾರ ಸಿಮ್ಯುಲೇಶನ್‌ಗಾಗಿ ರಿಚರ್ಡ್ ಬೆಕ್‌ಮನ್ ಮತ್ತು ಜೊತೆಗಾರರು 1996ರಲ್ಲಿ ಇದೇ ಉಪಾಯದಿಂದ ಇಡೀ ಜನಸಂಖ್ಯೆಯನ್ನು ತಯಾರಿಸಿ ತೋರಿಸಿದರು. ಇವತ್ತಿಗೂ ಹೆಚ್ಚಿನವರು ಶುರು ಮಾಡುವುದು ಇಲ್ಲಿಂದಲೇ.

ಹೆಸರು ಕೇಳಿ ಹೆದರಬೇಡಿ. ಕಾಗದ ಪೆನ್ನು ಹಿಡಿದು ಒಂದು ಸಲ ಕೈಯಲ್ಲೇ ಮಾಡೋಣ.

ನೂರು ಜನರ ಸಮೀಕ್ಷೆ ಇದೆ ಎಂದುಕೊಳ್ಳಿ. 25ರ ಒಳಗಿನವರಲ್ಲಿ 20 ಜನ ಕೆಲಸದಲ್ಲಿದ್ದಾರೆ, 30 ಜನ ಇಲ್ಲ. 25 ದಾಟಿದವರಲ್ಲಿ 40 ಜನ ಕೆಲಸದಲ್ಲಿದ್ದಾರೆ, 10 ಜನ ಇಲ್ಲ. ನಾವು ತುಂಬಬೇಕಾದ ಬಡಾವಣೆಯಲ್ಲಿ 1,000 ಜನ. ಅವರಲ್ಲಿ 600 ಜನ 25ರ ಒಳಗಿನವರು, 400 ಜನ ಮೇಲಿನವರು. ಕೆಲಸದಲ್ಲಿರುವವರು 500, ಇಲ್ಲದವರು 500. ಕಿರಿಯರಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ ಎಂದು ಯಾರೂ ಹೇಳಿಲ್ಲ.

ಮೊದಲು ವಯಸ್ಸಿನ ಸಾಲು ಸರಿ ಮಾಡಿ. ಕಿರಿಯರು ಸ್ಯಾಂಪಲ್‌ನಲ್ಲಿ 50, ಬೇಕಾದದ್ದು 600. ಹಾಗಾಗಿ ಆ ಸಾಲನ್ನು 12ರಿಂದ ಗುಣಿಸಿ: 240 ಮತ್ತು 360. ಹಿರಿಯರು 50, ಬೇಕಾದದ್ದು 400. ಎಂಟರಿಂದ ಗುಣಿಸಿ: 320 ಮತ್ತು 80. ಈಗ ಕೆಲಸದ ಕಾಲಂ ನೋಡಿ. ಕೆಲಸದಲ್ಲಿರುವವರು 560 ಆಗಿದ್ದಾರೆ, ಬೇಕಾದದ್ದು 500. ಆ ಕಾಲಂ ಅನ್ನು ಅದೇ ಅನುಪಾತದಲ್ಲಿ ಕುಗ್ಗಿಸಿ. ಕೆಲಸ ಇಲ್ಲದವರು 440, ಅವರನ್ನು 500ಕ್ಕೆ ಹಿಗ್ಗಿಸಿ. ಹೀಗೆ ಮಾಡಿದಾಗ ಸಾಲಿನ ಮೊತ್ತ ಸ್ವಲ್ಪ ಕೆಡುತ್ತದೆ, ಕಿರಿಯರು ಸುಮಾರು 623 ಆಗುತ್ತಾರೆ. ಮತ್ತೆ ಸಾಲು ಸರಿ ಮಾಡಿ, ಮತ್ತೆ ಕಾಲಂ. ಪ್ರತಿ ಸುತ್ತಿಗೂ ತಪ್ಪು ಕಡಿಮೆಯಾಗುತ್ತಾ ಹೋಗಿ ಕೊನೆಗೆ ನಿಲ್ಲುವ ಉತ್ತರ ಇದು: ಕಿರಿಯರಲ್ಲಿ 200 ಜನ ಕೆಲಸದಲ್ಲಿ, 400 ಜನ ಇಲ್ಲ, ಹಿರಿಯರಲ್ಲಿ 300 ಜನ ಕೆಲಸದಲ್ಲಿ, 100 ಜನ ಇಲ್ಲ.

ಈಗ ನನ್ನ ಹಳೆಯ ಚೀಟಿ ಎತ್ತುವ ಪದ್ಧತಿ ಏನು ಕೊಡುತ್ತಿತ್ತು ನೋಡಿ. ಕಿರಿಯರು 300 ಕೆಲಸದಲ್ಲಿ, 300 ಇಲ್ಲ. ಹಿರಿಯರು 200, 200. ಸಾಲಿನ ಮೊತ್ತ ಸರಿ, ಕಾಲಂನ ಮೊತ್ತವೂ ಸರಿ. ಆದರೆ ನಡುವಿನ ನಾಲ್ಕೂ ಕೋಣೆ ತಪ್ಪು, ಅಲ್ವಾ? ಐಪಿಎಫ್ ಸ್ಯಾಂಪಲ್‌ನಲ್ಲಿದ್ದ ನಂಟನ್ನು ಹಾಗೇ ಉಳಿಸುತ್ತದೆ. ಸ್ಯಾಂಪಲ್‌ನಲ್ಲಿ ಕರ್ಣದ ಎರಡು ಕೋಣೆಗಳನ್ನು (20 ಮತ್ತು 10) ಗುಣಿಸಿ ಉಳಿದೆರಡರ ಗುಣಲಬ್ಧದಿಂದ ಭಾಗಿಸಿದರೆ ಆರನೇ ಒಂದು ಭಾಗ ಬರುತ್ತದೆ. ಕೊನೆಯ ಉತ್ತರದಲ್ಲೂ ಅಷ್ಟೇ ಬರುತ್ತದೆ. ಸುಮ್ನೆ ಒಂದು ಸಲ ಲೆಕ್ಕ ಹಾಕಿ ನೋಡಿ, ನಂಬಿಕೆ ಬರುತ್ತದೆ.

ಅದೇ ಕಾರಣಕ್ಕೆ ಒಂದು ತೊಂದರೆಯೂ ಇದೆ. ಸ್ಯಾಂಪಲ್‌ನಲ್ಲಿ ಸೊನ್ನೆ ಇದ್ದ ಕೋಣೆ ಕೊನೆಯವರೆಗೂ ಸೊನ್ನೆಯೇ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಅಷ್ಟೇ. ಇಲ್ಲಿ ನೀವು ಎರಡು ಬಗೆಯ ಸೊನ್ನೆಗಳನ್ನು ಬೇರ್ಪಡಿಸಬೇಕು. 5 ವರ್ಷದ ವಿಧವೆ ಇಲ್ಲದಿರುವುದು ನಿಜವಾದ ಸೊನ್ನೆ, ಹಾಗೇ ಬಿಡಿ. 85 ವರ್ಷ ದಾಟಿಯೂ ಕೆಲಸ ಮಾಡುವವರು ಸ್ಯಾಂಪಲ್‌ನಲ್ಲಿ ಸಿಗದಿರುವುದು ಬರೀ ಸ್ಯಾಂಪಲ್ ಸಣ್ಣದಾಗಿದ್ದರಿಂದ. ಅಂಥ ಕೋಣೆಗೆ ಅಕ್ಕಪಕ್ಕದ ದೊಡ್ಡ ಪ್ರದೇಶದ ಸ್ಯಾಂಪಲ್‌ನಿಂದ ಒಂದು ಸಣ್ಣ ಬೆಲೆ ಎರವಲು ತನ್ನಿ. ಎಲ್ಲ ಸೊನ್ನೆಗಳಿಗೂ ಕಣ್ಣುಮುಚ್ಚಿ 0.01 ಸೇರಿಸುವ ಚಾಳಿ ಕೆಲವರಿಗಿದೆ. ವಿಧವೆ ಮಕ್ಕಳು ವಾಪಸ್ ಬರುವುದು ಹಾಗೆಯೇ.

ಇದಕ್ಕೆ ಸಿದ್ಧ ಕೋಡ್‌ನ ಲೈಬ್ರರಿಗಳು ಇವೆ. ಪೈಥಾನ್‌ನಲ್ಲಿ ಪಾಪ್ಯುಲೇಶನ್‌ಸಿಮ್, ಆರ್ ಭಾಷೆಯಲ್ಲಿ ಸಿಮ್‌ಪಾಪ್ ಹೀಗೆ. ಆದರೂ ಮೊದಲ ಸಲ ನೀವೇ ಬರೆಯಿರಿ. ಇಪ್ಪತ್ತು ಸಾಲಿನ ಕೋಡ್. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಕೈಗೆ ಗೊತ್ತಾಗುತ್ತದೆ.

ಹಂತ 4: ಮನೆಗಳನ್ನು ಒಡೆಯಬೇಡಿ

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಇಲ್ಲಿಗೆ ಬೇರೆಲ್ಲ ಹಂತಕ್ಕಿಂತ ಜಾಸ್ತಿ ಸಮಯ ಕೊಡಿ.

ಮೇಲಿನ ಐಪಿಎಫ್ ಒಂದೇ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಜನರನ್ನು ಹೊಂದಿಸಿದರೆ ಮನೆಗಳು ತಪ್ಪುತ್ತವೆ, ಮನೆಗಳನ್ನು ಹೊಂದಿಸಿದರೆ ಜನ ತಪ್ಪುತ್ತಾರೆ. ಬಿಡಿ ಜನರನ್ನು ತಯಾರಿಸಿ ಆಮೇಲೆ ಮನೆಗಳಿಗೆ ಹಂಚುತ್ತೇನೆ ಅಂದರೆ ನನ್ನ ಮೊದಲ ಊರಿನ ಗತಿಯೇ. ಹಾಗಾಗಿ ದಾರಿ ಉಲ್ಟಾ ಇರಬೇಕು. ಸ್ಯಾಂಪಲ್‌ನಲ್ಲಿರುವ ಮನೆಗಳನ್ನು ಇಡಿಯಾಗಿ ಎತ್ತಿಕೊಳ್ಳಿ. ತಾಯಿ, ತಂದೆ, ಮಗು, ಅಜ್ಜಿ, ಎಲ್ಲರೂ ಒಟ್ಟಿಗೆ ಬರಲಿ. ಆಗ ಗಂಡ ಹೆಂಡತಿಯ ವಯಸ್ಸಿನ ಅಂತರ, ಮೊದಲ ಮಗು ಹುಟ್ಟಿದಾಗಿನ ತಾಯಿಯ ವಯಸ್ಸು, ಇವೆಲ್ಲ ನೀವು ಯೋಚಿಸದೆಯೇ ಸರಿಯಾಗಿ ಬರುತ್ತವೆ.

ಪ್ರತಿ ಮನೆಗೆ ಒಂದು ತೂಕ ಕೊಡಿ. ಅಂಥ ಮನೆ ಈ ಪ್ರದೇಶದಲ್ಲಿ ಎಷ್ಟಿರಬೇಕು ಎಂಬುದೇ ಆ ತೂಕ. ಒಂದು ಮನೆಯ ತೂಕ ಏರಿಸಿದರೆ ಒಳಗಿರುವ ಎಲ್ಲರ ಲೆಕ್ಕವೂ ಒಟ್ಟಿಗೆ ಏರುತ್ತದೆ. ಮನೆಯ ಮೊತ್ತ, ಜನರ ಮೊತ್ತ, ಎರಡನ್ನೂ ಸರದಿಯಲ್ಲಿ ನೋಡುತ್ತಾ ತೂಕ ತಿದ್ದುತ್ತಾ ಹೋಗುವ ಪದ್ಧತಿಗೆ ಇಟರೇಟಿವ್ ಪ್ರೊಪೋರ್ಷನಲ್ ಅಪ್‌ಡೇಟಿಂಗ್ ಎಂದು ಹೆಸರು. 2009ರಲ್ಲಿ ಬಂದದ್ದು, ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಪಾಪ್‌ಜೆನ್ ಎಂಬ ಸಾಧನದಲ್ಲಿ ಇದೆ. ಇನ್ನೊಂದು ದಾರಿಯೂ ಇದೆ. ಬೇಕಾದಷ್ಟು ಮನೆಗಳನ್ನು ಹೇಗೋ ಎತ್ತಿ ತುಂಬಿಸಿ, ಆಮೇಲೆ ಒಂದು ಮನೆ ತೆಗೆದು ಇನ್ನೊಂದು ಹಾಕಿ ನೋಡಿ. ಮೊತ್ತದ ತಪ್ಪು ಕಡಿಮೆಯಾದರೆ ಇಟ್ಟುಕೊಳ್ಳಿ. ಶುರುವಿನಲ್ಲಿ ಕೆಲವು ಕೆಟ್ಟ ಬದಲಾವಣೆಗಳನ್ನೂ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಇನ್ನೂ ಒಳ್ಳೆಯ ಉತ್ತರ ದೂರದಲ್ಲಿದ್ದರೂ ಹತ್ತಿರದ ಹಳ್ಳದಲ್ಲೇ ಸಿಕ್ಕಿಬೀಳುತ್ತೀರಿ. ಇದು ನಿಧಾನ. ಆದರೆ ತೂಕಗಳ ದಶಾಂಶದ ರಗಳೆ ಇಲ್ಲ, ಮೊದಲಿನಿಂದಲೇ ಪೂರ್ತಿ ಮನೆಗಳು. ಸಣ್ಣ ಪ್ರದೇಶಗಳಿಗೆ ನಾನು ಇದನ್ನೇ ಆರಿಸುತ್ತೇನೆ.

ಎರಡರಲ್ಲಿ ಯಾವುದನ್ನೇ ಓಡಿಸಿ, ಮೊದಲು ಉತ್ತರ ಇರುವುದು ಸಾಧ್ಯವೇ ಎಂದು ನೋಡಿ. ಒಂದು ಬಡಾವಣೆಯಲ್ಲಿ 100 ಮನೆ, 250 ಜನ. ಅದರಲ್ಲಿ 70 ಮನೆಗಳಲ್ಲಿ ಒಬ್ಬೊಬ್ಬರೇ. ಹಾಗಾದರೆ ಉಳಿದ 30 ಮನೆಗಳಲ್ಲಿ 180 ಜನ ಇರಬೇಕು, ಮನೆಗೆ ಸರಾಸರಿ 6. ನಿಮ್ಮ ಸ್ಯಾಂಪಲ್‌ನ ಅತಿ ದೊಡ್ಡ ಮನೆಯಲ್ಲಿ ಇರುವುದೇ 5 ಜನ ಎಂದಾದರೆ ಇಡೀ ರಾತ್ರಿ ಓಡಿಸಿದರೂ ಲೆಕ್ಕ ಕೂಡುವುದಿಲ್ಲ. ಪ್ರೋಗ್ರಾಂ ಸುತ್ತುತ್ತಲೇ ಇದ್ದರೆ ಕೋಡ್ ಬೈಯುವ ಮೊದಲು ಈ ಲೆಕ್ಕ ಹಾಕಿ. ಆಗಾಗ ಸಿಗುವ ಕಾರಣ, ಹಾಸ್ಟೆಲ್ ಜನ ತಪ್ಪಿ ಮನೆಯ ಲೆಕ್ಕಕ್ಕೆ ಸೇರಿರುವುದು.

ಬಿಡಿ ದಾಖಲೆಗಳು ಸಿಗಲೇ ಇಲ್ಲ ಅಂದರೆ? ಆಗ ಮನೆಗಳನ್ನು ನೀವೇ ಕಟ್ಟಬೇಕು, ಕ್ರಮ ತಪ್ಪದೆ. ಮೊದಲು ಮನೆಯ ಗಾತ್ರ ಮತ್ತು ಬಗೆ ಆರಿಸಿ: ಒಬ್ಬರೇ, ದಂಪತಿ, ದಂಪತಿ ಮತ್ತು ಮಕ್ಕಳು, ಒಂಟಿ ಪೋಷಕರು, ಮೂರು ತಲೆಮಾರು. ಆಮೇಲೆ ಮನೆಯ ಯಜಮಾನ ಅಥವಾ ಯಜಮಾನಿ. ಆಮೇಲೆ ವಯಸ್ಸಿನ ಅಂತರದ ಹಂಚಿಕೆಯಿಂದ ಸಂಗಾತಿ. ಆಮೇಲೆ ತಾಯಿಯ ವಯಸ್ಸನ್ನು ನೋಡಿ ಮಕ್ಕಳು, ಮಕ್ಕಳ ನಡುವೆ ಒಂದಿಷ್ಟು ಅಂತರ. ಕೊನೆಗೆ ಅಜ್ಜ ಅಜ್ಜಿ. ಈ ಕ್ರಮದಲ್ಲಿ ಹೋದರೆ ಕೊನೆಯಲ್ಲಿ ಯಾವ ಮನೆಗೂ ಹೊಂದದ ಒಂದಿಷ್ಟು ಜನ ಉಳಿಯುತ್ತಾರೆ. ಅವರನ್ನು ಬಲವಂತವಾಗಿ ತುರುಕಬೇಡಿ. ಎಷ್ಟು ಜನ, ಯಾವ ವಯಸ್ಸಿನವರು ಎಂದು ಬರೆದಿಡಿ. ನಿಮ್ಮ ನಿಯಮ ಎಲ್ಲಿ ತಪ್ಪಿದೆ ಎಂದು ಹೇಳುವವರು ಅವರೇ.

ಹಂತ 5: ಮುಕ್ಕಾಲು ಮನುಷ್ಯರನ್ನು ಪೂರ್ತಿ ಮಾಡಿ

ಒಂದು ಮನೆಯ ತೂಕ 3.7 ಬಂತು. 3.7 ಮನೆ ಕಟ್ಟಲಾಗುವುದಿಲ್ಲ. ಹತ್ತಿರದ ಪೂರ್ಣ ಸಂಖ್ಯೆಗೆ ತಂದುಬಿಡೋಣ ಅನ್ನಿಸುತ್ತದೆ. ಬೇಡ. 0.4 ತೂಕದ ಸಾವಿರ ಮನೆಗಳಿವೆ ಎಂದುಕೊಳ್ಳಿ. ಎಲ್ಲವೂ ಸೊನ್ನೆಯಾಗುತ್ತವೆ, ಇರಬೇಕಾದ 400 ಮನೆಗಳು ಮಾಯ. ಅಪರೂಪದ ಮನೆಗಳೇ ಹೀಗೆ ಅಳಿಸಿಹೋಗುವುದು. ಬದಲಿಗೆ ಪೂರ್ಣ ಭಾಗವನ್ನು ಹಾಗೇ ಇಟ್ಟುಕೊಳ್ಳಿ, ಉಳಿದ ದಶಾಂಶವನ್ನು ಸಂಭವನೀಯತೆಯಾಗಿ ಬಳಸಿ ಚೀಟಿ ಎತ್ತಿ. 3.7 ತೂಕದ ಮನೆಗೆ ಮೂರು ಪ್ರತಿ ಖಚಿತ, ನಾಲ್ಕನೆಯದಕ್ಕೆ ನೂರಕ್ಕೆ 70 ಅವಕಾಶ.

ಹಂತ 6: ಜಾಗ ಕೊಡಿ, ನಂಟು ಕೊಡಿ

ಮನೆಗಳನ್ನು ಕಟ್ಟಡಗಳಿಗೆ ಹಂಚುವುದು ಸುಲಭ. ಕಟ್ಟಡದ ನಕ್ಷೆ ಇದ್ದರೆ ಅದರ ಅಳತೆಗೆ ತಕ್ಕಂತೆ, ಇಲ್ಲದಿದ್ದರೆ ರಸ್ತೆಯ ಉದ್ದಕ್ಕೆ ತಕ್ಕಂತೆ. ಮಕ್ಕಳಿಗೆ ಹತ್ತಿರದ ಶಾಲೆ, ಆದರೆ ಶಾಲೆಯ ಜಾಗ ತುಂಬಿದ ಮೇಲೆ ಮುಂದಿನದು.

ಕೆಲಸದ ಜಾಗ ಸ್ವಲ್ಪ ಕಷ್ಟ. ದೂರ ಹೆಚ್ಚಿದಷ್ಟೂ ಅವಕಾಶ ಕಡಿಮೆ, ಕೆಲಸಗಳು ಹೆಚ್ಚಿದಷ್ಟೂ ಸೆಳೆತ ಜಾಸ್ತಿ ಎಂಬ ಗುರುತ್ವದ ಮಾದರಿ ಸಾಮಾನ್ಯವಾಗಿ ಸಾಕು. ಆದರೆ ಸಂಸ್ಥೆಗಳ ಗಾತ್ರವನ್ನು ಸರಾಸರಿಯಲ್ಲಿ ಕೊಡಬೇಡಿ. ರಾಬರ್ಟ್ ಆಕ್ಸ್‌ಟೆಲ್ 2001ರಲ್ಲಿ ಅಮೆರಿಕದ ಸಂಸ್ಥೆಗಳ ಗಾತ್ರ ಜಿಫ್ ಹಂಚಿಕೆಯನ್ನು ಅನುಸರಿಸುತ್ತದೆ ಎಂದು ತೋರಿಸಿದರು. ಅಂದರೆ ಲೆಕ್ಕವಿಲ್ಲದಷ್ಟು ಪುಟ್ಟ ಅಂಗಡಿಗಳು, ಬೆರಳೆಣಿಕೆಯ ದೈತ್ಯರು. ಎಲ್ಲರಿಗೂ 20 ಜನರ ಕಚೇರಿ ಕೊಟ್ಟರೆ ಸೋಂಕೂ ಸುಳ್ಳಾಗಿ ಹರಡುತ್ತದೆ, ಬೆಳಗಿನ ಟ್ರಾಫಿಕ್ ಕೂಡ ಸುಳ್ಳಾಗುತ್ತದೆ.

ಜನರ ನಡುವಿನ ಭೇಟಿಗೆ ಬೇರೆ ಜಾಲ ಹೆಣೆಯಲು ಹೊರಡುವ ಮೊದಲು ಒಂದು ವಿಷಯ ಗಮನಿಸಿ. ಮನೆ, ತರಗತಿ, ಕಚೇರಿ ಸರಿಯಾಗಿ ಕೊಟ್ಟಿದ್ದರೆ ಜಾಲದ ಬಹುಪಾಲು ತಾನಾಗಿಯೇ ಆಗಿರುತ್ತದೆ. ಉಳಿದದ್ದನ್ನು ಭೇಟಿಗಳ ಸಮೀಕ್ಷೆಯಿಂದ ತುಂಬಿ. ಎಂಟು ಯುರೋಪಿಯನ್ ದೇಶಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪಾಲಿಮಾಡ್ ಸಮೀಕ್ಷೆಯಲ್ಲಿ 7,290 ಜನ ಒಂದು ದಿನದ 97,904 ಭೇಟಿಗಳನ್ನು ಬರೆದಿಟ್ಟಿದ್ದರು. ಒಬ್ಬರಿಗೆ ಸರಾಸರಿ 13ಕ್ಕೂ ಹೆಚ್ಚು. ಜನ ತಮ್ಮದೇ ವಯಸ್ಸಿನವರನ್ನು ಹೆಚ್ಚು ಭೇಟಿಯಾಗುತ್ತಾರೆ ಎಂಬುದು ಅದರಲ್ಲಿ ಎದ್ದು ಕಾಣುತ್ತದೆ. ನಿಮ್ಮ ಪ್ರದೇಶಕ್ಕೆ ಅದೇ ಅಂಕಿ ಹೊಂದಬೇಕೆಂದಿಲ್ಲ. ಸ್ಥಳೀಯ ಸಮೀಕ್ಷೆ ಇದ್ದರೆ ಅದಕ್ಕೇ ಆದ್ಯತೆ.

ಹಂತ 7: ಜನಗಣತಿ ಕೇಳದ ಗುಣಗಳು

ಆದಾಯ, ಲಸಿಕೆಯ ಬಗ್ಗೆ ಅನುಮಾನ, ಸೈಕಲ್ ತುಳಿಯುವ ಆಸೆ, ಇವುಗಳನ್ನು ಇನ್ನೊಂದು ಸಮೀಕ್ಷೆಯಿಂದ ತರಬೇಕು. ಎರಡರಲ್ಲೂ ಇರುವ ಗುಣಗಳನ್ನು ಹಿಡಿದು ನಿಮ್ಮ ಏಜೆಂಟ್‌ಗೆ ಹತ್ತಿರದವರನ್ನು ಹುಡುಕಿ, ಅವರ ಉತ್ತರವನ್ನು ಎರವಲು ಪಡೆಯಿರಿ. ಗುಂಪಿನ ಸರಾಸರಿಯನ್ನಲ್ಲ, ಒಬ್ಬ ಮನುಷ್ಯನ ಉತ್ತರವನ್ನು. ಸರಾಸರಿ ಹಂಚಿದರೆ ಎಲ್ಲರೂ ಒಂದೇ ಥರ ಸಪ್ಪೆಯಾಗುತ್ತಾರೆ.

ಈಚೆಗೆ ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗಳಿಂದಲೇ ಏಜೆಂಟ್‌ಗಳನ್ನು ಬರೆಸುವ ಹುಮ್ಮಸ್ಸು ಜೋರಾಗಿದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಗೂಗಲ್‌ನ ಸಂಶೋಧಕರು ಇಂಥ 25 ಏಜೆಂಟ್‌ಗಳ ಪುಟ್ಟ ಊರನ್ನು ತೋರಿಸಿದರು. 2024ರಲ್ಲಿ ಅದೇ ಬಳಗದ ಕೆಲವರು ಸೇರಿ 1,052 ನಿಜವಾದ ಜನರನ್ನು ತಲಾ ಎರಡು ಗಂಟೆ ಸಂದರ್ಶನ ಮಾಡಿ, ಅದರ ಮೇಲೆ ಏಜೆಂಟ್‌ಗಳನ್ನು ನಿಲ್ಲಿಸಿದರು. ಗಮನಿಸಿ, ಅಲ್ಲಿ ಅಡಿಪಾಯ ಸಂದರ್ಶನ. ಸುಮ್ಮನೆ "ಸಾವಿರ ಜನರನ್ನು ಕಲ್ಪಿಸು" ಎಂದರೆ ಮಾದರಿ ಕೊಡುವುದು ತುಂಬಾ ನೀಟಾದ, ಮಾತು ಮತ್ತು ನಡತೆ ಹೊಂದುವ, ಒಬ್ಬರಂತೆ ಒಬ್ಬರಿರುವ ಜನರನ್ನು. ನಿಜವಾದ ಜನ ಹಾಗಿರುವುದಿಲ್ಲವಲ್ಲ. ಯಾರು ಎಷ್ಟು ಜನ, ಯಾರ ಮನೆಯಲ್ಲಿ ಯಾರು ಎಂಬುದನ್ನು ಕೋಷ್ಟಕಗಳಿಂದ ತನ್ನಿ. ಆ ವ್ಯಕ್ತಿ ಏನು ಮಾತಾಡಬಹುದು ಎಂಬಷ್ಟಕ್ಕೆ ಮಾತ್ರ ಭಾಷಾ ಮಾದರಿಯನ್ನು ಕೇಳಿ.

ಹಂತ 8: ಹೊಂದಿಸದ ಅಂಕಿಗಳಿಂದ ಪರೀಕ್ಷಿಸಿ

ವಯಸ್ಸಿನ ಮೊತ್ತಕ್ಕೆ ಹೊಂದಿಸಿ, ಆಮೇಲೆ ವಯಸ್ಸಿನ ಗ್ರಾಫ್ ತೋರಿಸಿ "ನೋಡಿ ಹೊಂದಿದೆ" ಅನ್ನುವುದು ಉತ್ತರ ಪತ್ರಿಕೆ ನೋಡಿ ಪರೀಕ್ಷೆ ಬರೆದಂತೆ. ಒಂದೆರಡು ಕೋಷ್ಟಕಗಳನ್ನು ಮೊದಲೇ ಪಕ್ಕಕ್ಕೆ ಇಟ್ಟುಕೊಳ್ಳಿ, ಹೊಂದಿಸುವಾಗ ಮುಟ್ಟಬೇಡಿ. ಕೊನೆಗೆ ಅವುಗಳ ಜೊತೆ ಹೋಲಿಸಿ. ಅದರಲ್ಲೂ ಎರಡು ಗುಣ ಸೇರಿದ ಕೋಷ್ಟಕ ಇದ್ದರೆ ಒಳ್ಳೆಯದು.

ಆಮೇಲೆ ಅಸಾಧ್ಯಗಳ ಪಟ್ಟಿ ಮಾಡಿ, ಕೋಡ್‌ನಲ್ಲಿ ಹುಡುಕಿಸಿ. ದೊಡ್ಡವರಿಲ್ಲದ ಮನೆ, ಮಗುವಿಗಿಂತ 10 ವರ್ಷ ಮಾತ್ರ ದೊಡ್ಡವಳಾದ ತಾಯಿ, ಇಬ್ಬರು ಯಜಮಾನರು, ಶಾಲೆಗೂ ಕಾರ್ಖಾನೆಗೂ ಒಂದೇ ಹೊತ್ತಿಗೆ ಹೋಗುವವರು. ಒಂದೇ ಸ್ಯಾಂಪಲ್ ಮನೆ ಎಷ್ಟು ಸಲ ನಕಲಾಗಿದೆ ಎಂದೂ ನೋಡಿ. ಒಂದು ಬಡಾವಣೆಯಲ್ಲಿ ಅದೇ ಮನೆ ಐವತ್ತು ಸಲ ಬಂದರೆ ಅಲ್ಲಿ ವೈವಿಧ್ಯ ಇಲ್ಲ.

ಇದೆಲ್ಲ ಆದ ಮೇಲೂ ನಾನು ಬಿಡದೆ ಮಾಡುವ ಕೆಲಸ ಒಂದಿದೆ. ಯಾವುದೋ ಇಪ್ಪತ್ತು ಮನೆಗಳನ್ನು ಎತ್ತಿ, ಅಚ್ಚು ಹಾಕಿ, ಕೂತು ಓದುತ್ತೇನೆ. "58 ವರ್ಷದ ಹೆಂಗಸು, 61 ವರ್ಷದ ಗಂಡ, 3 ವರ್ಷದ ಮಗಳು" ಎಂದು ಕಂಡರೆ ಆ ಮಗು ಮೊಮ್ಮಗಳಿರಬೇಕು, ಸಂಬಂಧದ ಕೋಡ್ ತಪ್ಪಿದೆ ಎಂದು ತಕ್ಷಣ ಹೊಳೆಯುತ್ತದೆ. ಯಾವ ಸೂಚ್ಯಂಕವೂ ಇದನ್ನು ಹೇಳಿರುವುದಿಲ್ಲ.

ಜನರ ಗೋಪ್ಯತೆಯ ವಿಷಯವನ್ನೂ ಇಲ್ಲೇ ನೋಡಿಕೊಳ್ಳಿ. ಹೆಸರಿಲ್ಲ, ಹಾಗಾಗಿ ಅಪಾಯವಿಲ್ಲ ಅನ್ನುವಂತಿಲ್ಲ. ಅಮೆರಿಕದ ಜನರಲ್ಲಿ ನೂರಕ್ಕೆ 87ರಷ್ಟು ಜನರನ್ನು ಪಿನ್ ಕೋಡ್, ಹುಟ್ಟಿದ ದಿನ, ಲಿಂಗ ಈ ಮೂರರಿಂದಲೇ ಗುರುತಿಸಬಹುದು ಎಂದು ಲಟಾನ್ಯಾ ಸ್ವೀನಿ 2000ದಲ್ಲಿ ಅಂದಾಜು ಮಾಡಿದ್ದರು. ನೀವು ಸ್ಯಾಂಪಲ್‌ನ ಮನೆಗಳನ್ನು ಇಡಿಯಾಗಿ ನಕಲು ಮಾಡುತ್ತಿದ್ದೀರಿ ಎಂಬುದನ್ನು ಮರೆಯಬೇಡಿ. ಹನ್ನೊಂದು ಮಕ್ಕಳ ಮನೆಯಂಥ ವಿಚಿತ್ರ ದಾಖಲೆಗಳು ಇದ್ದರೆ, ಹೊರಗೆ ಹಂಚುವ ಮೊದಲು ವಯಸ್ಸನ್ನು ಸ್ವಲ್ಪ ಕದಲಿಸಿ ಅಥವಾ ಗುಂಪು ಮಾಡಿ.

ಹಂತ 9: ಕೋಟಿಗೆ ಏರಿಸುವಾಗ

ಪ್ರತಿ ಮನುಷ್ಯನಿಗೂ ಒಂದೊಂದು ಪೈಥಾನ್ ಆಬ್ಜೆಕ್ಟ್ ಮಾಡಿದರೆ ತಲೆಗೆ ನೂರಾರು ಬೈಟ್ ಖರ್ಚು. ಒಂದು ಕೋಟಿ ಜನರಿಗೆ ಹಲವು ಗಿಗಾಬೈಟ್. ಬದಲಿಗೆ ಒಂದೊಂದು ಗುಣಕ್ಕೆ ಒಂದೊಂದು ಉದ್ದನೆಯ ಅರೇ (ಸಂಖ್ಯೆಗಳ ಸಾಲು ಪಟ್ಟಿ) ಇಡಿ. ವಯಸ್ಸಿಗೆ 1 ಬೈಟ್ ಸಾಕು, ಮನೆಯ ಸಂಖ್ಯೆಗೆ 4. ಒಬ್ಬರಿಗೆ 32 ಬೈಟ್ ಎಂದರೂ ಕೋಟಿ ಜನ 320 ಮೆಗಾಬೈಟ್‌ನಲ್ಲಿ ಕೂರುತ್ತಾರೆ. ಒಂದೇ ಮನೆಯವರನ್ನು ಅಕ್ಕಪಕ್ಕದ ಜಾಗದಲ್ಲೇ ಇಡಿ, ಓಟ ಚುರುಕಾಗುತ್ತದೆ.

ಜನ ಜಾಸ್ತಿಯಾದಾಗ ಹತ್ತರಲ್ಲಿ ಒಬ್ಬರನ್ನು ಮಾತ್ರ ಓಡಿಸುವ ಅಭ್ಯಾಸ ಟ್ರಾಫಿಕ್‌ನವರಲ್ಲಿ ಇದೆ. ಮ್ಯಾಟ್‌ಸಿಮ್ ಎಂಬ ಸಂಚಾರ ಸಿಮ್ಯುಲೇಶನ್ ಸಾಧನ ಬಳಸುವವರು ರಸ್ತೆಯ ಸಾಮರ್ಥ್ಯವನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತಾರೆ. ಅಲ್ಲಿ ಅದು ನಡೆಯುತ್ತದೆ. ಸೋಂಕಿನಲ್ಲಿ ನಡೆಯುವುದಿಲ್ಲ, ಯಾಕೆಂದರೆ ಮನೆಯ ಹತ್ತನೇ ಒಂದು ಭಾಗ ಮನೆಯಲ್ಲ.

ರ‍್ಯಾಂಡಮ್ ಸೀಡ್ ಅನ್ನು (ಕಂಪ್ಯೂಟರ್ ಚೀಟಿ ಎತ್ತುವುದನ್ನು ಶುರು ಮಾಡುವ ಸಂಖ್ಯೆ, ಅದೇ ಸಂಖ್ಯೆ ಕೊಟ್ಟರೆ ಅವೇ ಚೀಟಿಗಳು ಬರುತ್ತವೆ) ಫೈಲಿನ ಜೊತೆಗೇ ಬರೆದಿಡಿ. ಯಾವ ಕೋಷ್ಟಕದ ಯಾವ ಆವೃತ್ತಿ ಬಳಸಿದಿರಿ ಎಂದೂ ಬರೆಯಿರಿ. ಕೆಲಸವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚುವಾಗ ಒಂದೊಂದು ಪ್ರದೇಶಕ್ಕೂ ಅದರದ್ದೇ ಸೀಡ್ ಕೊಡಿ. ಇಲ್ಲದಿದ್ದರೆ ನಾಲ್ಕು ಪ್ರೊಸೆಸರ್‌ನಲ್ಲಿ ಒಂದು ಊರು, ಎಂಟರಲ್ಲಿ ಇನ್ನೊಂದು ಊರು ಹುಟ್ಟುತ್ತದೆ.

ಕೊನೆಗೆ, ಒಂದೇ ಜನಸಂಖ್ಯೆ ತಯಾರಿಸಿ ನಿಲ್ಲಿಸಬೇಡಿ. ಬೇರೆಬೇರೆ ಸೀಡ್‌ನಿಂದ ಹತ್ತು ತಯಾರಿಸಿ. ಹತ್ತರ ಮೇಲೂ ಅದೇ ಪ್ರಯೋಗ ಓಡಿಸಿ. ಶಾಲೆ ಮುಚ್ಚಿದ್ದಕ್ಕೂ ಮುಚ್ಚದ್ದಕ್ಕೂ ಇರುವ ವ್ಯತ್ಯಾಸಕ್ಕಿಂತ ಈ ಊರಿಗೂ ಆ ಊರಿಗೂ ಇರುವ ವ್ಯತ್ಯಾಸವೇ ದೊಡ್ಡದಾದರೆ, ಇನ್ನೂ ಸಾವಿರ ಸಲ ಓಡಿಸಿದರೂ ಉತ್ತರ ಸಿಗುವುದಿಲ್ಲ. ಎರಡನೇ ಹಂತಕ್ಕೆ ಹಿಂತಿರುಗಿ, ಯಾವ ಕೋಷ್ಟಕ ಸಡಿಲವಾಗಿದೆ ಎಂದು ಹುಡುಕಿ.